ಮಡ್ಡಿ ನೆಲದ ದ್ರಾಕ್ಷಿ

ವಿಜಯಪುರ ಜಿಲ್ಲೆಯ ಭೂತನಾಳದಿಂದ ತಿಕೋಟಾ, ಬಬಲೇಶ್ವರದವರೆಗಿನ ನೆಲವೆಲ್ಲ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಈ ಲಾವಾ ಸವೆದು ಎರಡು ಬಗೆಯ ಹೊಲಗಳಾದವು. ಡೋಣಿ ನದಿಯ ಬಯಲಲ್ಲಿ ಆಳವಾದ ಎರಿ ಮಣ್ಣು. ದಿಬ್ಬಗಳ ಮೇಲೆ ಗರಸು ಬೆರೆತ ತೆಳು ಮಡ್ಡಿ. ಎರಿ ಹೊಲ ತೇವ ಹಿಡಿದಿಟ್ಟು ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಯನ್ನು ಬೆಳೆಸುತ್ತದೆ. ದ್ರಾಕ್ಷಿಗೆ ಆ ಗುಣವೇ ಕಂಟಕ. ಬೇರಿನ ಸುತ್ತ ನೀರು ನಿಂತು ಗಾಳಿಯಾಡುವುದಿಲ್ಲ, ಉಪ್ಪು ಮೇಲೇರುತ್ತದೆ. ಮಡ್ಡಿಯಲ್ಲಿ ಹೆಚ್ಚಿನ ನೀರು ಬಸಿದು ಹೋಗುತ್ತದೆ. ಜೋಳದ ಲೆಕ್ಕದಲ್ಲಿ ಬಡವೆನಿಸಿದ್ದ ಭೂಮಿಗೆ ಬೆಲೆ ತಂದದ್ದು ದ್ರಾಕ್ಷಿಯೇ.

ಮಣ್ಣಿನಷ್ಟೇ ಮುಖ್ಯವಾದದ್ದು ಹವೆ. ಜರ್ಮನಿಯ ಮೊಸೆಲ್ ಕಣಿವೆಯ ಸ್ಲೇಟ್ ಕಲ್ಲಿನ ಇಳಿಜಾರುಗಳಲ್ಲಿ ರೀಸ್ಲಿಂಗ್ ದ್ರಾಕ್ಷಿ ತಂಪಿನಲ್ಲಿ ನಿಧಾನವಾಗಿ ಮಾಗುತ್ತದೆ, ಹುಳಿ ಕಾಯಲ್ಲೇ ಉಳಿಯುತ್ತದೆ; ಆ ವೈನಿನ ಹೆಸರು ನಿಂತಿರುವುದು ಆ ಹುಳಿಯ ಮೇಲೆ. ಬೇರೆ ದೇಶಗಳಲ್ಲಿ ಇದೇ ತಂಪನ್ನು ಕಡಲ ಗಾಳಿ ಒದಗಿಸುತ್ತದೆ. ವಿಜಯಪುರಕ್ಕೆ ಆ ಗಾಳಿಯ ಆಸರೆ ಇಲ್ಲ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿಯಲ್ಲೇ ಸುರಿದು ಮುಗಿಯುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಫೆಬ್ರುವರಿ, ಮಾರ್ಚ್‌ ತಿಂಗಳ ಬಿಸಿಲಿಗೆ ಕಾಯಿಯ ಮ್ಯಾಲಿಕ್ ಆಮ್ಲ ಬೇಗ ಕರಗಿ ಸಕ್ಕರೆ ಏರುತ್ತದೆ. ಹೀಗೆ ಮಾಗಿದ ಹಣ್ಣು ಹುಳಿ ಬೇಡುವ ವೈನಿಗೆ ಒದಗುವುದು ಕಷ್ಟ, ಒಣದ್ರಾಕ್ಷಿಗೆ ಮಾತ್ರ ಹೇಳಿ ಮಾಡಿಸಿದಂತಿರುತ್ತದೆ.

ದಖ್ಖನ್‌ಗೆ ದ್ರಾಕ್ಷಿ ಹೊಸದಲ್ಲ. 14ನೆಯ ಶತಮಾನದಲ್ಲಿ ಇಬ್ನ್ ಬತೂತಾ ದೌಲತಾಬಾದಿನ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆರಡು ಸಲ ಫಲ ಕೊಡುತ್ತವೆಂದು ಬರೆದಿದ್ದಾನೆ. 17ನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿಗಳ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದ ಮೊಗಲ್ ದೂತ ಅಸದ್ ಬೇಗ್, ಪೇಟೆಯ ಸಾಲುಗಳಲ್ಲಿ ಮದ್ಯದ ಅಂಗಡಿಗಳನ್ನೂ ಕಂಡ. ಆದರೆ ಇಂದಿನ ತೋಟಗಳಿಗೆ ಆ ಕಾಲದ ಬಳ್ಳಿಗಳು ಮೂಲವಲ್ಲ. ಬೀಜವಿಲ್ಲದ ಥಾಮ್ಸನ್ ಸೀಡ್‌ಲೆಸ್ ತಳಿ ಮಹಾರಾಷ್ಟ್ರದಲ್ಲಿ ನೆಲೆಯೂರಿದ ಮೇಲೆ ಸಾಂಗ್ಲಿ, ಸೊಲ್ಲಾಪುರದ ರೈತರು ತಮ್ಮ ತೋಟಗಳಲ್ಲೇ ಒಳ್ಳೆಯ ಬಳ್ಳಿಗಳನ್ನು ಆರಿಸಿ ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ತಳಿಗಳನ್ನು ಹೊರತಂದರು. ಗಡಿಯಾಚೆಯ ಈ ರೈತರ ಕಣ್ಣಿನ ಸೂಕ್ಷ್ಮಕ್ಕೆ ವಿಜಯಪುರದ ದ್ರಾಕ್ಷಿ ಪಡಗಳು ಬಹಳ ಋಣಿ. ಬರ ಮತ್ತು ಉಪ್ಪುನೀರನ್ನು ತಾಳುವ ಡಾಗ್‌ರಿಜ್ ಬೇರುಸಸಿಗೆ ಈ ತಳಿಗಳನ್ನು ಕಸಿ ಕಟ್ಟುವ ರೂಢಿ ಬಂದ ಮೇಲೆ ಕೊಳವೆಬಾವಿಯ ಸವಳು ನೀರಿನಲ್ಲೂ ಬೆಳೆ ನಿಂತಿತು.

ಇಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುವಂಥ ಚಳಿಗಾಲವಿಲ್ಲ. ಆದ್ದರಿಂದ ಕತ್ತರಿಯೇ ಅದಕ್ಕೆ ಋತುವನ್ನು ಗೊತ್ತುಮಾಡುತ್ತದೆ. ಏಪ್ರಿಲ್ ಚಾಟ್ನಿಯ, ಅಂದರೆ ಕಡ್ಡಿ ಸವರುವ ಕೆಲಸದ, ನಂತರ ಬರುವ ಕಡ್ಡಿಗಳಲ್ಲಿ ಮುಂದಿನ ಫಸಲಿನ ಮೊಗ್ಗು ಕಟ್ಟುತ್ತದೆ. ಆ ಹೊತ್ತಿನಲ್ಲಿ ಮೋಡ ಮುಸುಕಿದರೆ ಗೊನೆ ಕಡಿಮೆ. ಅಕ್ಟೋಬರ್ ಚಾಟ್ನಿಯಿಂದ ಆ ಮೊಗ್ಗು ಚಿಗುರಿ ಗೊನೆ ಹೊರಬರುತ್ತದೆ. ಅತ್ಯಂತ ಆತಂಕದ ದಿನಗಳೂ ಇವೇ. ಹಿಂಗಾರಿ ಮಳೆ ಹಿಡಿದುಕೊಂಡರೆ ಎಳೆ ಗೊನೆಗೆ ದಾವಣಿ ರೋಗ ತಗಲಿ, ವರ್ಷದ ದುಡಿಮೆ ಕೆಲವೇ ದಿನಗಳಲ್ಲಿ ಕೈಬಿಟ್ಟು ಹೋಗುತ್ತದೆ.

ಒಣದ್ರಾಕ್ಷಿಗೆ ಬಿಡುವ ಗೊನೆಯನ್ನು ಸಕ್ಕರೆ 22 ಬ್ರಿಕ್ಸ್ ದಾಟುವವರೆಗೆ ಬಳ್ಳಿಯಲ್ಲೇ ಬಿಡುತ್ತಾರೆ. ಕಾಯಿಯ ಮೇಲೆ ಬೆಳ್ಳನೆಯ ಮೇಣದ ತೆಳು ಪೊರೆ ಇರುತ್ತದೆ; ಒಳಗಿನ ನೀರು ಆರದಂತೆ ತಡೆಯುವುದು ಅದೇ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಗೊನೆಗಳನ್ನು ಕೆಲ ನಿಮಿಷ ಅದ್ದಿದರೆ ಪೊರೆ ಸಡಿಲವಾಗುತ್ತದೆ, ಸಿಪ್ಪೆ ಒಡೆಯುವುದಿಲ್ಲ. ನಂತರ ಗೊನೆಗಳನ್ನು ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳಲ್ಲಿ ಹರಡುತ್ತಾರೆ. ಸುತ್ತ ಹಸಿರು ಪರದೆ, ನಡುವೆ ಧಾರಾಳ ಗಾಳಿ. ನೇರ ಬಿಸಿಲು ಬಿದ್ದರೆ ಕಾಯಿ ಕಂದಾಗುತ್ತದೆ. ನೆರಳಲ್ಲಿ ಒಣಗಿದರೆ ಪೇಟೆ ಕೇಳುವ ಹಸಿರು-ಹಳದಿ ಬಣ್ಣ ಉಳಿಯುತ್ತದೆ. ಎರಡು ವಾರದ ಸುಮಾರಿಗೆ ಕಾಯಿಗಳನ್ನು ಉದುರಿಸಿ, ತೊಟ್ಟು ಬಿಡಿಸಿ, ಗಾತ್ರ, ಬಣ್ಣ ನೋಡಿ ಬೇರ್ಪಡಿಸುತ್ತಾರೆ. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಬೇಕು. ಈ ಕೆಲಸಕ್ಕೆ ಇಂಧನವಾಗಿ ಬಳಕೆಯಾಗುವುದು ಕರಾವಳಿಯಲ್ಲಿ ಸಿಗದ ಒಣ ಗಾಳಿ. ಶೆಡ್ಡಿನಲ್ಲಿ ಹಣ್ಣಿರುವಾಗ ಅಕಾಲಿಕ ಮಳೆ ಬಂದರೆ ಬಣ್ಣ ಕೆಟ್ಟು ದರ ಕುಸಿಯುತ್ತದೆ. ಮಾಲು ತಾಸಗಾಂವ, ಸಾಂಗ್ಲಿ ಪೇಟೆಗಳಿಗೂ ವಿಜಯಪುರದ ಎಪಿಎಂಸಿಗೂ ಹೋಗುತ್ತದೆ.

ವೈನಿನ ಪ್ರಯತ್ನವೂ ನಡೆಯಿತು. ರಾಜ್ಯದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ವೈನ್ ವಲಯವೆಂದು ಗುರುತಿಸಿತು. ಆದರೂ ತಿಕೋಟಾ ಸೀಮೆಯ ಬಹುಪಾಲು ಹಣ್ಣು ಹೋಗುವುದು ಒಣಗುವ ಶೆಡ್ಡಿಗೇ.

ಈ ಬೆಳೆಯ ಚರಿತ್ರೆಯಲ್ಲಿ ಮಣ್ಣಿಗಿಂತ ನೀರಿನ ಅಧ್ಯಾಯ ದೊಡ್ಡದು. ಆದಿಲ್‌ಶಾಹಿಗಳು ತೊರವಿಯಿಂದ ಸುರಂಗದಲ್ಲಿ ನೀರು ತಂದರು, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಬ್ರಿಟಿಷರ ಕಾಲದಲ್ಲಿ ಭೂತನಾಳ ಕೆರೆಯಾಯಿತು. ಇವೆಲ್ಲ ನಗರದ ದಾಹಕ್ಕೆ. ತೋಟಗಳು ಬೆಳೆದದ್ದು ಕೊಳವೆಬಾವಿ, ಕೃಷಿಹೊಂಡ, ಹನಿ ನೀರಾವರಿಯ ಮೇಲೆ. ಬರದ ವರ್ಷಗಳಲ್ಲಿ ರೈತರು ಸಾಲ ಮಾಡಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡರು, ಏಕೆಂದರೆ ಒಣಗಿದ ಪಡವನ್ನು ಮತ್ತೆ ಫಲಕ್ಕೆ ತರಲು ವರ್ಷಗಳೇ ಬೇಕು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಜಲಾಶಯ ಇದೇ ಜಿಲ್ಲೆಯ ಅಂಚಿನಲ್ಲಿದ್ದರೂ, ಎತ್ತರದ ಈ ಮಡ್ಡಿಗೆ ಕೃಷ್ಣೆಯ ನೀರು ಹತ್ತಿದ್ದು ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ, ಕೆರೆ ತುಂಬಿಸುವ ಕೆಲಸದಿಂದ.