ಹೊರಗೆ ಕಾಣದ ಹರ್ನಿಯಾ

ಹರ್ನಿಯಾ ಎಂದರೆ ತೊಡೆಸಂದಿಯಲ್ಲೋ ಹೊಕ್ಕುಳ ಬಳಿಯೋ ಉಬ್ಬುವ ಗಂಟು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕರುಳು ಹೊಟ್ಟೆಯ ಒಳಗೇ ಯಾವುದೋ ಸಂದಿಗೆ ನುಗ್ಗಿ ಸಿಕ್ಕಿಕೊಳ್ಳುವುದೂ ಉಂಟು. ಆಗ ಹೊರಗೆ ಯಾವ ಉಬ್ಬೂ ಇರುವುದಿಲ್ಲ. ಕರುಳಿನ ಹಾದಿ ಕಟ್ಟಿ ನೋವು, ವಾಂತಿ ಶುರುವಾಗುತ್ತದೆ. ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಕರುಳು ಸಾಯತೊಡಗುತ್ತದೆ. ಈ ಅಪರೂಪದ ತೊಂದರೆ ಬಹುಕಾಲ ಗೊತ್ತಾಗುತ್ತಿದ್ದುದು ಹೆಚ್ಚಾಗಿ ಶವಪರೀಕ್ಷೆಯಲ್ಲಿ.

ಪ್ರಾಗ್ ನಗರದ ರೋಗಶಾಸ್ತ್ರಜ್ಞ ವೆನ್ಸೆಲ್ ಟ್ರೈಟ್ಸ್ ಇದನ್ನು ಕ್ರಮವಾಗಿ ವಿವರಿಸಿದ್ದು 1857ರಲ್ಲಿ. ಸಣ್ಣ ಕರುಳಿನ ಆರಂಭದ ಬಳಿ ಹೊಟ್ಟೆಯ ಒಳಪೊರೆ ಮಡಚಿಕೊಂಡು ಸಣ್ಣ ಜೇಬುಗಳಾಗಿರುತ್ತವೆ. ಕರುಳು ಅಲ್ಲಿಗೆ ನುಗ್ಗಿ, ಒತ್ತಿ ಒತ್ತಿ ಜೇಬನ್ನು ಹಿಗ್ಗಿಸುತ್ತದೆ ಎಂದರು ಅವರು. 20ನೇ ಶತಮಾನದಲ್ಲಿ ಬೇರೊಂದು ವಿವರಣೆಗೆ ಮನ್ನಣೆ ದೊರೆಯಿತು. ಗರ್ಭದಲ್ಲಿ ಶಿಶುವಿನ ಕರುಳು ಕೆಲವು ವಾರ ಹೊಕ್ಕುಳಬಳ್ಳಿಯೊಳಗೆ ಬೆಳೆದು, ತಿರುಗುತ್ತಾ ಹೊಟ್ಟೆಗೆ ಮರಳುತ್ತದೆ; ಆ ತಿರುವು ತಪ್ಪಿದಾಗ ಪೊರೆಯ ಹಿಂದೆ ಸೆರೆಯಾಗುತ್ತದೆ. ಅಂದರೆ ಇದು ಹುಟ್ಟಿನಿಂದ ಬಂದದ್ದು.

ಇಂಗ್ಲೆಂಡಿನ ಶಸ್ತ್ರವೈದ್ಯ ಬರ್ಕ್‌ಲಿ ಮಾಯ್ನಿಹನ್ 1899ರಲ್ಲಿ ಈ ಕುರಿತೇ ಪುಸ್ತಕ ಬರೆದರು. ಹೊಟ್ಟೆ ತೆರೆಯುವ ಧೈರ್ಯ ವೈದ್ಯರಿಗೆ ಬಂದಿದ್ದ ಕಾಲ ಅದು. ಆದರೆ ಜೇಬಿನ ಬಾಯಂಚಿನಲ್ಲೇ ದೊಡ್ಡ ರಕ್ತನಾಳ ಹಾದಿರುತ್ತದೆ. ಅವಸರದಲ್ಲಿ ಕತ್ತರಿ ಆಡಿಸುವಂತಿಲ್ಲ. ಕರುಳನ್ನು ನಾಜೂಕಾಗಿ ಹೊರಗೆಳೆದು, ಕೊಳೆತ ಭಾಗವಿದ್ದರೆ ತೆಗೆದು, ಸಂದಿಯನ್ನು ಮುಚ್ಚಬೇಕು. ಚಿಕಿತ್ಸೆಯ ಈ ತಿರುಳು ಇಂದಿಗೂ ಬದಲಾಗಿಲ್ಲ.

ವಿಚಿತ್ರವೆಂದರೆ, ಶಸ್ತ್ರಚಿಕಿತ್ಸೆಯೇ ಹೊಸ ಸಂದಿಗಳನ್ನು ಹುಟ್ಟುಹಾಕಿತು. ಜಠರಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುವ ಶಸ್ತ್ರಕ್ರಿಯೆಯನ್ನು 1881ರಲ್ಲಿ ವಿಯೆನ್ನಾದಲ್ಲಿ ಆಂಟನ್ ವೋಲ್ಫ್ಲರ್ ಮಾಡಿದರು. ಹಾಗೆ ಜೋಡಿಸಿದ ಕರುಳಿನ ಹಿಂದೆ ಉಳಿಯುವ ತೆರಪಿನಲ್ಲಿ ಕರುಳು ಸಿಕ್ಕಿಕೊಳ್ಳುವುದನ್ನು ಜರ್ಮನಿಯ ವಾಲ್ಟರ್ ಪೀಟರ್ಸನ್ 1900ರಲ್ಲಿ ವರದಿ ಮಾಡಿದರು. ಆ ತೆರಪಿಗೆ ಅವರದೇ ಹೆಸರು.

ಪತ್ತೆ ಮಾತ್ರ ಕಷ್ಟವಾಗಿಯೇ ಉಳಿಯಿತು. ಕರುಳು ತಾನಾಗಿ ಹೊರಜಾರಿದರೆ ನೋವು ಮಾಯ. ಆಮೇಲೆ ತೆಗೆದ ಎಕ್ಸ್‌-ರೇಯಲ್ಲಿ ಏನೂ ಕಾಣದು. 1971ರಲ್ಲಿ ಲಂಡನ್ನಿನಲ್ಲಿ ಮೊದಲು ತಲೆಗೆ ಬಳಕೆಯಾದ ಸಿ.ಟಿ. ಸ್ಕ್ಯಾನ್ ಮುಂದೆ ಹೊಟ್ಟೆಗೂ ಬಂದ ಮೇಲೆ, ಚೀಲದಲ್ಲಿ ತುರುಕಿದಂತಿರುವ ಕರುಳಿನ ಸುರುಳಿಗಳು, ತಿರುಚಿಕೊಂಡ ರಕ್ತನಾಳಗಳು ಕಾಣತೊಡಗಿದವು. ಅದೂ ಕೆಲವೊಮ್ಮೆ ಕೈಕೊಡುತ್ತದೆ. ನೋವು ಮರುಕಳಿಸುತ್ತಿದ್ದರೆ ಲ್ಯಾಪ್ರೊಸ್ಕೋಪ್ ಇಳಿಸಿ ನೋಡುವುದೇ ದಾರಿ.

ಬೊಜ್ಜು ಕರಗಿಸಲು ಜಠರಕ್ಕೆ ಬೈಪಾಸ್ ಮಾಡುವ ಶಸ್ತ್ರಚಿಕಿತ್ಸೆ ಹರಡಿದಂತೆ ಪೀಟರ್ಸನ್ ಹೆಸರು ಮತ್ತೆ ಚಾಲ್ತಿಗೆ ಬಂತು. ಕೊಬ್ಬು ಕರಗಿದಾಗ ಒಳಗಿನ ತೆರಪುಗಳೂ ಅಗಲವಾಗುತ್ತವೆ. ಸ್ವೀಡನ್ನಿನ 2,507 ರೋಗಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ತೆರಪನ್ನು ಹೊಲಿಯದೆ ಬಿಟ್ಟವರಲ್ಲಿ ಮೂರು ವರ್ಷದೊಳಗೆ ಶೇ 10.2 ಮಂದಿಗೆ ಕರುಳು ಕಟ್ಟಿಕೊಂಡು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಹೊಲಿದವರಲ್ಲಿ ಶೇ 5.5. ಆದರೆ ಹೊಲಿಗೆಯಿಂದ ಕರುಳಿನ ಜೋಡಣೆ ಮಡಚಿಕೊಂಡು, ಮೊದಲ ತಿಂಗಳಲ್ಲಿ ತೀವ್ರ ತೊಡಕು ಕಂಡವರು ಆ ಗುಂಪಿನಲ್ಲೇ ಹೆಚ್ಚು: ಶೇ 2.8ರ ಬದಲು ಶೇ 4.3.