ಮನೆಯ ಗಣಕ ಏಳುತ್ತಿಲ್ಲವೇ? 'ಫಾರ್ಮ್ಯಾಟ್' ಎನ್ನುವ ಮೊದಲು ಇದನ್ನು ಗಮನಿಸಿ

ಗುಂಡಿ ಒತ್ತಿದ ಮೇಲೂ ಮನೆಯ ಗಣಕಯಂತ್ರ ಚಾಲೂ ಆಗದಿದ್ದಾಗ ಬಹುತೇಕರು ಮಾಡುವುದು ಎರಡೇ ಕೆಲಸ. ಮತ್ತೆ ಮತ್ತೆ ಗುಂಡಿ ಒತ್ತುವುದು. ಆಗಲೂ ಏಳದಿದ್ದರೆ ಪೆಟ್ಟಿಗೆಯನ್ನು ಹೊತ್ತು ರಿಪೇರಿ ಅಂಗಡಿಗೆ ಒಯ್ಯುವುದು. ಅಲ್ಲಿ ಅನೇಕ ಬಾರಿ ಕೇಳಿಬರುವ ಮೊದಲ ಮಾತು, 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್'. ಈ ಒಂದು ಮಾತಿಗೆ ತಲೆಯಾಡಿಸಿ ಮಕ್ಕಳ ಬಾಲ್ಯದ ಛಾಯಾಚಿತ್ರಗಳನ್ನೋ ವರ್ಷಗಳ ಲೆಕ್ಕಪತ್ರವನ್ನೋ ಕಳೆದುಕೊಂಡವರಿದ್ದಾರೆ. ವಾಸ್ತವವಾಗಿ ಗಣಕ ಏಳದಿರುವುದು ಬೇರೆ, ಅದರೊಳಗಿನ ಕಡತಗಳು ನಾಶವಾಗುವುದು ಬೇರೆ. ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮನೆಯಲ್ಲೇ ಗುರುತಿಸಿಕೊಂಡರೆ ಅರ್ಧ ಸಮಸ್ಯೆ ಬಗೆಹರಿದಂತೆಯೇ.

ವಿದ್ಯುತ್ ಬಂದಿದೆಯೇ?

ಫ್ಯಾನ್ ತಿರುಗುತ್ತಿಲ್ಲ, ದೀಪ ಹೊತ್ತುತ್ತಿಲ್ಲ, ಸದ್ದೇ ಇಲ್ಲ ಎಂದಾದರೆ ದೋಷ ವಿದ್ಯುತ್ ಪೂರೈಕೆಯ ದಾರಿಯಲ್ಲಿರುವ ಸಾಧ್ಯತೆಯೇ ಹೆಚ್ಚು. ಗೋಡೆಯ ಪ್ಲಗ್ಗಿನಿಂದ ಆರಂಭಿಸಿ ಯುಪಿಎಸ್, ಸ್ಪೈಕ್ ಬಸ್ಟರ್, ಪೆಟ್ಟಿಗೆಯ ಹಿಂಬದಿಯ ಪುಟ್ಟ ಸ್ವಿಚ್ಚು ಹೀಗೆ ಒಂದೊಂದನ್ನೇ ನೋಡುತ್ತ ಬರಬೇಕು. ಹೇಳಲು ಸಂಕೋಚ, ಈ ವರದಿಗಾರ ಒಮ್ಮೆ ಅರ್ಧ ದಿನ ಪರದಾಡಿದ ಮೇಲೆ ತಿಳಿದದ್ದು, ಬೆಳಿಗ್ಗೆ ಕಸ ಗುಡಿಸುವಾಗ ಮೇಜಿನ ಕೆಳಗಿನ ಸ್ಪೈಕ್ ಬಸ್ಟರ್ ಆರಿಹೋಗಿತ್ತು ಎಂದು. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೂ ಇದೇ ಲಕ್ಷಣ ಕಾಣಬಹುದು. ಅದನ್ನು ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿ ನೋಡಿದರೆ ಸಂಶಯ ನಿವಾರಣೆಯಾಗುತ್ತದೆ.

ಇಷ್ಟಾದರೂ ಜೀವ ಬರದಿದ್ದರೆ ಎಸ್‌ಎಂಪಿಎಸ್ ಕಡೆ ನೋಡಬೇಕು. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳಿಗೆ ಇಳಿಸಿಕೊಡುವ ಭಾಗವಿದು. ಹಳೆಯ ಕೆಲವು ಎಸ್‌ಎಂಪಿಎಸ್‌ಗಳ ಹಿಂದೆ 115/230 ಎಂಬ ಕೆಂಪು ಸ್ವಿಚ್ಚು ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ವಿದ್ಯುತ್ ಕೊಟ್ಟರೆ ಸಿಡಿದುಹೋಗುತ್ತದೆ. ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅದು ರಿಪೇರಿ ಮಾಡಿಸುವ ವಸ್ತುವೂ ಅಲ್ಲ, ಬದಲಿಸುವ ವಸ್ತು.

ಮಲೆನಾಡು ಮತ್ತು ಕರಾವಳಿಯ ಓದುಗರಿಗೆ ಒಂದು ಮಾತು. ಗುಡುಗು ಮಿಂಚಿನ ಮಾರನೇ ದಿನ ಗಣಕ ಏಳದಿದ್ದರೆ ಸಿಡಿಲಿನ ಏಟನ್ನೂ ಶಂಕಿಸಬೇಕು. ವಿದ್ಯುತ್ ಪ್ಲಗ್ಗನ್ನು ಕಿತ್ತಿಟ್ಟರೂ ಇಂಟರ್‌ನೆಟ್‌ನ ತಂತಿಯನ್ನು ಹಾಗೆಯೇ ಬಿಟ್ಟರೆ ಅದರ ಮೂಲಕವೂ ಏಟು ಮದರ್‌ಬೋರ್ಡ್ ತಲುಪಬಲ್ಲದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಇದು ಹೆಚ್ಚು ಗೊಂದಲ ಹುಟ್ಟಿಸುವ ಸ್ಥಿತಿ. ಗಣಕವು ವಿದ್ಯುತ್ ಬಂದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ; ತಂತ್ರಜ್ಞರು ಇದನ್ನು 'ಪೋಸ್ಟ್' ಎನ್ನುತ್ತಾರೆ. 1981ರಲ್ಲಿ ಐಬಿಎಂ ಹೊರತಂದ ಮೊದಲ ಪಿಸಿಯಲ್ಲೂ ಈ ಪರೀಕ್ಷೆಯಿತ್ತು. ಎಲ್ಲವೂ ಸರಿಯಿದ್ದರೆ ಅದು ಒಮ್ಮೆ ಚಿಕ್ಕದಾಗಿ 'ಬೀಪ್' ಎನ್ನುತ್ತಿತ್ತು. ಬೀಪ್‌ಗಳ ಸಂಖ್ಯೆ ಮತ್ತು ಉದ್ದದಿಂದ ದೋಷ ಎಲ್ಲಿದೆಯೆಂದು ತಿಳಿಯುವ ಕ್ರಮ ಅಲ್ಲಿಂದ ಬಂದದ್ದು. ಆದರೆ ಸಂಕೇತ ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಮದರ್‌ಬೋರ್ಡಿನೊಂದಿಗೆ ಬಂದ ಕೈಪಿಡಿಯನ್ನೇ ನೋಡಬೇಕು. ಈಚಿನ ಅನೇಕ ಪೆಟ್ಟಿಗೆಗಳಲ್ಲಿ ಬೀಪ್ ಸದ್ದಿನ ಸ್ಪೀಕರೇ ಇರುವುದಿಲ್ಲ. ಬದಲಿಗೆ ಕೆಲವು ಮದರ್‌ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿದ್ದು, ಯಾವ ಭಾಗದಲ್ಲಿ ಪರೀಕ್ಷೆ ನಿಂತಿತೋ ಆ ಭಾಗದ ದೀಪ ಉರಿಯುತ್ತಲೇ ಇರುತ್ತದೆ.

ಮೊದಲು ಪರದೆಯ ತಂತಿಯನ್ನು ಪರೀಕ್ಷಿಸಿ. ಗ್ರಾಫಿಕ್ಸ್ ಕಾರ್ಡ್ ಇರುವ ಗಣಕದಲ್ಲಿ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದರೆ ಸಾಮಾನ್ಯವಾಗಿ ಏನೂ ಕಾಣದು. ಮಾನಿಟರ್ ಎಚ್‌ಡಿಎಂಐ ಬದಲು ವಿಜಿಎಗೆ ಹೊಂದಿಸಿಕೊಂಡಿದ್ದರೂ ಇದೇ ಫಲ.

ಅನಂತರದ ಶಂಕೆ ರ‍್ಯಾಮ್ ಮೇಲೆ. ಪೆಟ್ಟಿಗೆಯನ್ನು, ಅಂದರೆ ನಮ್ಮಲ್ಲಿ ಎಲ್ಲರೂ ತಪ್ಪಾಗಿ ಸಿಪಿಯು ಎಂದೇ ಕರೆಯುವ ಡಬ್ಬವನ್ನು, ತೆರೆಯುವ ಮುನ್ನ ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕೊಕ್ಕೆ ಬಿಡಿಸಿ ಹೊರತೆಗೆದು, ಹೊಂಬಣ್ಣದ ಅಂಚನ್ನು ಒಣ ಬಟ್ಟೆಯಿಂದ ಅಥವಾ ಮೆದುವಾದ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ಕೊಡವಿ, ಕಚ್ಚು ಸರಿಹೊಂದುವಂತೆ ಕೂರಿಸಿ 'ಟಕ್' ಎನ್ನುವವರೆಗೆ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಈ ಚಿಕ್ಕ ಉಪಾಯದಿಂದ ಎದ್ದ ಗಣಕಗಳು ಲೆಕ್ಕವಿಲ್ಲದಷ್ಟು. ತೇವ ಮತ್ತು ಧೂಳು ಹೆಚ್ಚಿರುವ ಊರುಗಳಲ್ಲಂತೂ ಮೊದಲ ಮದ್ದು ಇದೇ.

ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಕ್ಷೀಣಿಸಿದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಯಂತ್ರದ ಮೂಲ ಹೊಂದಾಣಿಕೆಗಳು ಅಳಿಸಿಹೋಗಿ ಡಿಸ್ಕನ್ನೇ ಗುರುತಿಸದಿರಬಹುದು. 3 ವೋಲ್ಟ್‌ನ ಈ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ಮತ್ತೆ ಚಾರ್ಜರ್ ಜೋಡಿಸಿ ನೋಡುವುದಷ್ಟೇ ಮನೆಯಲ್ಲಿ ಮಾಡಬಹುದಾದ ಸುಲಭ ಪ್ರಯೋಗ.

ಸಂದೇಶ ಬಂದು ನಿಂತರೆ

ಬಿಳಿ ಅಕ್ಷರಗಳಲ್ಲಿ 'ನೋ ಬೂಟಬಲ್ ಡಿವೈಸ್' ಎಂದು ಬಂದರೆ ಗಾಬರಿ ಬೇಡ. ಹಿಂದೆ ಫ್ಲಾಪಿಯನ್ನು ಒಳಗೇ ಮರೆತವರಿಗೆ ಇಂಥದೇ ಸಂದೇಶ ಬರುತ್ತಿತ್ತು. ಈಗ ಪೆನ್ ಡ್ರೈವ್ ಮರೆತವರ ಸರದಿ. ಅದನ್ನು ಕಿತ್ತು ನೋಡಿ. ಅದೂ ಅಲ್ಲವಾದರೆ ಡಿಸ್ಕಿನ ತಂತಿ ಸಡಿಲವಾಗಿರಬಹುದು. ಹಾರ್ಡ್ ಡಿಸ್ಕಿನಿಂದ 'ಟಿಕ್ ಟಿಕ್' ಎಂಬ ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆರಿಸಿಬಿಡಬೇಕು. ಪುನಃ ಪುನಃ ಚಾಲೂ ಮಾಡಿದಷ್ಟೂ ಒಳಗಿನ ತಟ್ಟೆಗಳು ಹಾಳಾಗುವ ಸಂಭವವಿದೆ. ಎಸ್‌ಎಸ್‌ಡಿಗಳು ಇಂಥ ಮುನ್ಸೂಚನೆಯನ್ನೂ ಕೊಡದೆ ಕೈಕೊಡಬಲ್ಲವು.

ನೀಲಿ ಪರದೆ ಬಂದರೆ ಅಥವಾ ವಿಂಡೋಸ್ ಗುರುತು ತೋರಿಸಿ ಅಲ್ಲೇ ಸುತ್ತುತ್ತಿದ್ದರೆ ಯಂತ್ರಾಂಶ ಬಹುತೇಕ ಸುಸ್ಥಿತಿಯಲ್ಲಿದೆ ಎಂದು ತಿಳಿಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಕುಳಿತವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅವು ಕಚೇರಿಗಳ ಗಣಕಗಳು, ಮನೆಯವಲ್ಲ. ಆದರೆ ಪರಿಹಾರ ಏನಾಗಿತ್ತು? 'ಸೇಫ್ ಮೋಡ್'ನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸುವುದು. ಅದಕ್ಕಾಗಿ ಫಾರ್ಮ್ಯಾಟ್ ಮಾಡುವ ಅಗತ್ಯ ಇರಲಿಲ್ಲ.

ಎಫ್8 ಕೀಲಿ ಒತ್ತಿ ಸೇಫ್ ಮೋಡ್‌ಗೆ ಹೋಗುವ ಹಳೆಯ ರೂಢಿ 2012ರ ವಿಂಡೋಸ್ 8ರ ನಂತರ ಸಾಮಾನ್ಯವಾಗಿ ಫಲಿಸದು. ಈಗ ವಿಂಡೋಸ್ ಸತತ ಎರಡು ಬಾರಿ ಆರಂಭವಾಗಲು ವಿಫಲವಾದರೆ ತಾನಾಗಿಯೇ ದುರಸ್ತಿಯ ಪರದೆಗೆ ಹೋಗುತ್ತದೆ. ಅಲ್ಲಿ 'ಟ್ರಬಲ್‌ಶೂಟ್' ಒಳಗೆ 'ಸ್ಟಾರ್ಟ್‌ಅಪ್ ರಿಪೇರ್', ಸೇಫ್ ಮೋಡ್ ಮತ್ತು ಇತ್ತೀಚಿನ ಅಪ್‌ಡೇಟ್ ತೆಗೆದುಹಾಕುವ ಆಯ್ಕೆಗಳಿವೆ. 'ರಿಸೆಟ್' ಕೊನೆಯ ಆಯ್ಕೆ. ಅದರಲ್ಲೂ 'ಕೀಪ್ ಮೈ ಫೈಲ್ಸ್' ಎಂಬುದನ್ನೇ ಆರಿಸಬೇಕು. ಆಗ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಸ್ವಂತ ಕಡತಗಳು ಉಳಿಯುತ್ತವೆ. 'ರಿಮೂವ್ ಎವೆರಿಥಿಂಗ್' ಎಂಬುದು ಹೆಸರೇ ಹೇಳುವಂತೆ ಎಲ್ಲವನ್ನೂ ಒರೆಸುತ್ತದೆ.

ವಿಂಡೋಸ್ ಏಳದಿದ್ದರೂ ಕಡತಗಳನ್ನು ಹೊರತೆಗೆಯುವ ದಾರಿ ಇದೆ. ಉಬುಂಟುವಿನಂತಹ ಲಿನಕ್ಸನ್ನು ಪೆನ್ ಡ್ರೈವ್‌ನಿಂದಲೇ ಓಡಿಸಿ, ಕಡತಗಳನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬಹುದು. ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ತಂತಿಯ ಮೂಲಕ ಇನ್ನೊಂದು ಗಣಕಕ್ಕೆ ಜೋಡಿಸಲೂಬಹುದು. ಹೊಸ ಗಣಕಗಳಲ್ಲಿ ಒಂದು ತೊಡಕಿದೆ. ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೊಂಡಿರುತ್ತದೆ. ಅದನ್ನು ತೆರೆಯಲು 48 ಅಂಕಿಗಳ ಬಿಟ್‌ಲಾಕರ್ ಕೀಲಿ ಬೇಕು. ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ದಾಖಲಾಗಿರುತ್ತದೆ. ಗಣಕ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳುವುದು ಲೇಸು. ಕೀಲಿಯಿಲ್ಲದಿದ್ದರೆ ಯಾವ ತಂತ್ರಜ್ಞನೂ ಏನೂ ಮಾಡಲಾರ.

ಅಂಗಡಿಗೆ ಹೋಗಲೇಬೇಕಾದಾಗ, ಅದು ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ನಿಮ್ಮೂರಿನ ಬಸ್ ನಿಲ್ದಾಣದ ಬಳಿಯ ಮಳಿಗೆಯಾಗಲಿ, ಪರದೆಯ ಮೇಲಿನ ಸಂದೇಶವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ. ಕಡತಗಳ ಪ್ರತಿ ಬೇಕೆಂಬುದನ್ನು ರಸೀದಿಯ ಮೇಲೆ ಬರೆಸಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸುವುದಾದರೆ ಹಳೆಯ ಡಿಸ್ಕ್ ಕಂಪನಿಗೆ ಹೋಗುವುದರಿಂದ, ಕಡತ ತೆಗೆಯುವ ಕೆಲಸ ಅದಕ್ಕೂ ಮೊದಲೇ ಆಗಬೇಕು.