ಕಾಗದವಿಲ್ಲದ ಕಟ್ಟಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಿಮಗೆಲ್ಲ ಗೊತ್ತು. ಅದನ್ನು ಮೊದಲು ಆಡಿದವನು ಮನೆಯ ಯಜಮಾನನೇ ಇರಬೇಕು. ಮೇಸ್ತ್ರಿಯನ್ನು ಕೇಳಿದ್ದರೆ ಅವನು, ‘ಕಟ್ಟಿಕೊಟ್ಟು ದುಡ್ಡು ವಸೂಲು ಮಾಡಿ ನೋಡು’ ಎನ್ನುತ್ತಿದ್ದ. ಕೆಲಸ ನಡೆಯುವಾಗ ಎಲ್ಲಕ್ಕೂ ಬಾಯಿಮಾತು ಸಾಕು. ಬಿಲ್ಲು ಬಂದಾಗ ಮಾತ್ರ ಕಾಗದ ಬೇಕು. ಕಾಗದವೇ ಇಲ್ಲದಿದ್ದರೆ? ಬಂಗಾಳದ ಒಂದು ಸಣ್ಣ ಊರಿನಲ್ಲಿ ಹುಟ್ಟಿದ ಈ ಪ್ರಶ್ನೆಗೆ ಉತ್ತರ ದೊರೆತದ್ದು ಹದಿನೇಳು ವರ್ಷಗಳ ಮೇಲೆ, ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ.

ವರ್ಷ 1944. ಬಂಗಾಳದ ಮಹಾ ಕ್ಷಾಮ ಕಳೆದು ಇನ್ನೂ ಒಂದು ವರ್ಷವಾಗಿರಲಿಲ್ಲ, ಯುದ್ಧವೂ ಮುಗಿದಿರಲಿಲ್ಲ. ಹೂಗ್ಲಿ ಜಿಲ್ಲೆಯ ಆರಾಂಬಾಗಿನಲ್ಲಿ ಸರ್ಕಾರದ ಸಿವಿಲ್ ಸರಬರಾಜು ಇಲಾಖೆಗೆ ತಾತ್ಕಾಲಿಕ ಉಗ್ರಾಣಗಳು ಬೇಕಾದವು. ಬಿ. ಕೆ. ಮಂಡಲ್ ಅಂಡ್ ಸನ್ಸ್ ಎಂಬ ಕಂಟ್ರಾಕ್ಟರರು ಕಟ್ಟಿಕೊಟ್ಟರು, ಹಣವನ್ನೂ ಪಡೆದರು. ಅಲ್ಲಿಗೆ ಮುಗಿಯಲಿಲ್ಲ. ಒಂದು ಕಚ್ಚಾ ರಸ್ತೆ, ಕಾವಲುಗಾರರ ಕೋಣೆ, ಕಚೇರಿ, ಅಡುಗೆಮನೆ, ಗುಮಾಸ್ತರಿಗೊಂದು ಕೋಣೆ, ಅನಂತರ ಇನ್ನಷ್ಟು ದಾಸ್ತಾನು ಶೆಡ್ಡುಗಳು, ಹೀಗೆ ಅಧಿಕಾರಿಗಳ ಬೇಡಿಕೆ ಬೆಳೆಯಿತು. ಅಂದಾಜುಪಟ್ಟಿ ತರಿಸಿಕೊಂಡು ‘ಕೆಲಸ ಸಾಗಲಿ’ ಎಂದರು. ಕೆಲಸ ಸಾಗಿತು, ಮುಗಿಯಿತು. ಇಲಾಖೆ ಕಟ್ಟಡಗಳನ್ನು ಬಳಸಿಕೊಂಡಿತು. ಆದರೆ ಈ ಬಾರಿ ಬಿಲ್ಲಿಗೆ ಹಣ ಬರಲಿಲ್ಲ. ಬಾಕಿ ನಿಂತದ್ದು 19,325 ರೂಪಾಯಿ. ಆ ಕಾಲದ ರೂಪಾಯಿ ಎಂಬುದನ್ನು ಮರೆಯಬೇಡಿ.

ಕಂಟ್ರಾಕ್ಟರರು ಕಲ್ಕತ್ತೆಯ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಸರ್ಕಾರ ಮುಂದಿಟ್ಟ ವಾದ ಹೀಗಿತ್ತು: 1935ರ ಭಾರತ ಸರ್ಕಾರ ಕಾಯಿದೆಯ 175(3)ನೇ ಕಲಮಿನ ಪ್ರಕಾರ ಪ್ರಾಂತದ ಕರಾರುಗಳೆಲ್ಲ ಗವರ್ನರರ ಹೆಸರಿನಲ್ಲಿಯೇ ಆಗಬೇಕು, ಅದಕ್ಕೆಂದು ಅಧಿಕಾರ ಪಡೆದವರೇ ರುಜು ಹಾಕಬೇಕು. ಇಲ್ಲಿ ಅಂಥ ಪತ್ರವಿಲ್ಲ. ಪತ್ರವಿಲ್ಲವೆಂದರೆ ಕರಾರಿಲ್ಲ, ಕರಾರಿಲ್ಲವೆಂದರೆ ಸಾಲವೂ ಇಲ್ಲ.

ಇದನ್ನು ಬರಿಯ ಕುಯುಕ್ತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಊರೂರಿನ ಅಧಿಕಾರಿ ಬಾಯಿಗೆ ಬಂದಂತೆ ಕೊಟ್ಟ ಮಾತಿಗೆಲ್ಲ ಖಜಾನೆ ಹೊಣೆಯಾದರೆ ಆ ಹಣ ಯಾರದು? ನಿಮ್ಮದು, ನನ್ನದು. ನಿಯಮ ಹುಟ್ಟಿದ್ದು ಈ ಕಾರಣದಿಂದಲೇ. ಸುಪ್ರೀಂ ಕೋರ್ಟು ಕೂಡ ಅದನ್ನು ಸಡಿಲಿಸಲಿಲ್ಲ. ನಿಯಮ ಕಡ್ಡಾಯ, ಅದನ್ನು ಮೀರಿದ ಕರಾರು ಕರಾರೇ ಅಲ್ಲ ಎಂದು ಒಪ್ಪಿಕೊಂಡಿತು.

ಹಾಗಾದರೆ ಕಂಟ್ರಾಕ್ಟರನ ಗತಿ? ಅವನ ಕೈಹಿಡಿದದ್ದು 1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಮು. ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯವಾಗಿ ಏನಾದರೂ ಮಾಡಿಕೊಟ್ಟು, ಧರ್ಮಾರ್ಥವಾಗಿ ಮಾಡುವ ಉದ್ದೇಶ ಅವನಿಗಿಲ್ಲದಿದ್ದು, ಆ ಇನ್ನೊಬ್ಬನು ಅದರ ಪ್ರಯೋಜನ ಪಡೆದಿದ್ದರೆ, ಪರಿಹಾರ ಕೊಡಬೇಕು ಅಥವಾ ವಸ್ತುವನ್ನು ಹಿಂದಿರುಗಿಸಬೇಕು. ಕಾಯಿದೆಯೇ ಕೊಡುವ ಉದಾಹರಣೆ ನಮ್ಮ ನಿಮ್ಮ ಮನೆ ಬಾಗಿಲಿನದು: ವರ್ತಕನೊಬ್ಬ ತಪ್ಪಿ ನಿಮ್ಮ ಮನೆಯಲ್ಲಿ ಸಾಮಾನು ಇಟ್ಟುಹೋಗುತ್ತಾನೆ; ನೀವು ಅದನ್ನು ನಿಮ್ಮದೆಂದೇ ಬಳಸಿಕೊಳ್ಳುತ್ತೀರಿ. ನೀವು ಕೊಳ್ಳುತ್ತೇನೆಂದು ಎಂದೂ ಹೇಳಿರಲಿಲ್ಲ, ನಿಜ. ಬೆಲೆಯನ್ನಂತೂ ಕೊಡಬೇಕು.

ಸಾಮಾನಾದರೆ ಹಿಂದಿರುಗಿಸಬಹುದು, ನೆಲಕ್ಕೆ ಕಚ್ಚಿದ ಗೋಡೆಯನ್ನು ಹೇಗೆ ಹಿಂದಿರುಗಿಸುವುದು ಎಂದು ನೀವು ಕೇಳಬಹುದು. ಈ ತೊಡಕನ್ನು ಇಂಗ್ಲೆಂಡಿನ ನ್ಯಾಯಾಲಯ 1898ರಲ್ಲಿಯೇ ಎದುರಿಸಿತ್ತು. ಸಂಪ್ಟರ್ ಎಂಬ ಕಟ್ಟಡಗಾರ ಹೆಡ್ಜಸ್ ಎಂಬವನ ಜಮೀನಿನಲ್ಲಿ 565 ಪೌಂಡಿಗೆ ಎರಡು ಮನೆಗಳನ್ನೂ ಲಾಯಗಳನ್ನೂ ಕಟ್ಟಲು ಒಪ್ಪಿ, 333 ಪೌಂಡಿನಷ್ಟು ಕೆಲಸ ಮಾಡಿದ ಮೇಲೆ ಕೈಯಲ್ಲಿ ಹಣವಿಲ್ಲದೆ ನಿಲ್ಲಿಸಿಬಿಟ್ಟ. ಉಳಿದುದನ್ನು ಜಮೀನಿನ ಒಡೆಯನೇ ಮುಗಿಸಿಕೊಂಡ. ಎದ್ದುನಿಂತ ಗೋಡೆಗಳಿಗೆ ಕಟ್ಟಡಗಾರನಿಗೆ ಏನೂ ದಕ್ಕಲಿಲ್ಲ. ಅರ್ಧ ಕಟ್ಟಿದ ಮನೆಯನ್ನು ತನ್ನ ನೆಲದಲ್ಲಿ ಹಾಗೆಯೇ ಹಾಳುಬೀಳಲು ಬಿಡಬೇಕೆಂದು ಒಡೆಯನನ್ನು ಯಾರೂ ಒತ್ತಾಯಿಸುವಂತಿಲ್ಲ; ಅದನ್ನು ಮುಗಿಸಿದ್ದರಿಂದ ಅವನು ಒಪ್ಪಿಕೊಂಡಂತಾಗಲಿಲ್ಲ ಎಂದರು ನ್ಯಾಯಾಧೀಶರು. ಆದರೆ ಅಲ್ಲಿ ಬಿಟ್ಟುಹೋಗಿದ್ದ ಸಾಮಗ್ರಿಯ ಮಾತು ಬೇರೆ. ಅದನ್ನು ಬಳಸುವುದು ಬಿಡುವುದು ಒಡೆಯನ ಇಚ್ಛೆ. ಬಳಸಿದ, ಆದ್ದರಿಂದ ಅದರ ಬೆಲೆ ಕೊಡಬೇಕಾಯಿತು.

ಆರಾಂಬಾಗಿನ ಕಂಟ್ರಾಕ್ಟರನು ಕೆಲಸವನ್ನು ನಡುವೆ ಬಿಟ್ಟವನಲ್ಲ. ಇಂಗ್ಲೆಂಡಿನ ಕಾನೂನಿಗಿಂತ ನಮ್ಮ 70ನೇ ಕಲಮಿನ ಹರಹೂ ಹೆಚ್ಚು. ಆದರೂ ಇಚ್ಛೆಯ ಪ್ರಶ್ನೆ ಇಲ್ಲಿಯೂ ಬಂತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು 1961ರ ಡಿಸೆಂಬರಿನಲ್ಲಿ ನೀಡಿದ ತೀರ್ಪು ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟಿತು. ಮಾಡಿಕೊಟ್ಟದ್ದನ್ನು ಬೇಡವೆನ್ನಲು ಸರ್ಕಾರಕ್ಕೆ ಸ್ವಾತಂತ್ರ್ಯವಿತ್ತು. ಬೇಡವೆಂದಿದ್ದರೆ ಈ ಕಲಮು ಅದನ್ನು ಕಟ್ಟಿಹಾಕುತ್ತಿರಲಿಲ್ಲ. ಬೇಕೆಂದು ಇಟ್ಟುಕೊಂಡು, ಅನುಭವಿಸಿ, ಆಮೇಲೆ ಕಾಗದವೆಲ್ಲಿ ಎಂದರೆ ನಡೆಯದು.

ಇದರಿಂದ ಗವರ್ನರರ ಹೆಸರಿನ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲವೆಂದು ಸರ್ಕಾರ ಆಕ್ಷೇಪಿಸಿತು. ಹಾಗೇನೂ ಇಲ್ಲ, ಕಂಟ್ರಾಕ್ಟರನು ಕೇಳುತ್ತಿರುವುದು ಕರಾರಿನ ಹಣವನ್ನಲ್ಲ ಎಂದಿತು ಕೋರ್ಟು. ಕೆಲಸವನ್ನು ಮುಂದುವರಿಸಲು ಬಿಡಿರೆಂದು ಅವನು ಸರ್ಕಾರವನ್ನು ಬಲವಂತಪಡಿಸಲಾರ. ಕರಾರು ಮುರಿದಿರೆಂದು ನಷ್ಟ ಕೇಳಲಾರ. ಸರ್ಕಾರ ಪಡೆದುಕೊಂಡ ಪ್ರಯೋಜನಕ್ಕೆ ತಕ್ಕ ಪರಿಹಾರ ಮಾತ್ರ ಅವನಿಗೆ ಸಲ್ಲುತ್ತದೆ. ಸರ್ಕಾರದ ಅಪೀಲು ವಜಾ ಆಯಿತು.

ಸರಿಯಾದ ಕರಾರು ಇದ್ದುಬಿಟ್ಟರೆ ಮಾತ್ರ ಈ ದಾರಿ ಮುಚ್ಚಿತು. ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಅಲೋಪಿ ಪರ್ಷಾದ್ ಎಂಬ ಸಂಸ್ಥೆ, ಯುದ್ಧದಿಂದ ಖರ್ಚು ಏರಿತು, ಒಪ್ಪಿದ ದರಕ್ಕಿಂತ ಹೆಚ್ಚು ಕೊಡಿಸಿ ಎಂದು ಕೇಳಿದಾಗ, ಅದೇ ಸುಪ್ರೀಂ ಕೋರ್ಟು 1960ರಲ್ಲಿ ಒಪ್ಪಲಿಲ್ಲ. ಬರೆದುಕೊಂಡ ಮೇಲೆ ಬರೆದದ್ದೇ ದರ.

1935ರ ಕಾಯಿದೆ ಹೋಯಿತು. ಆ ನಿಯಮ ಮಾತ್ರ ಸಂವಿಧಾನದ 299ನೇ ಅನುಚ್ಛೇದವಾಗಿ, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಹೆಸರಿನಲ್ಲಿ ಇಂದಿಗೂ ಉಳಿದಿದೆ. 70ನೇ ಕಲಮೂ ಉಳಿದಿದೆ. ಯಾವುದೋ ಕಚೇರಿಯ ಅಧಿಕಾರಿ ‘ನೀವು ಶುರುಮಾಡಿ, ಕಾಗದ ಆಮೇಲೆ ಬರುತ್ತದೆ’ ಎಂದಾಗ ಇಟ್ಟಿಗೆ ಇಳಿಸುವ ಕಂಟ್ರಾಕ್ಟರನಿಗೆ, ಆ ಕಟ್ಟಡವನ್ನು ಇಲಾಖೆ ವಹಿಸಿಕೊಳ್ಳುವ ದಿನದವರೆಗೆ ಕಾನೂನಿನ ಆಸರೆ ಬಹಳ ತೆಳುವಾದದ್ದು.